ಗೇಟಿನ ಅಗಲ, ಕಾಂಪೌಂಡಿನ ಉದ್ದ

ಇಂದು ಬೆಳಿಗ್ಗೆ ಕಣ್ಣಾರೆ ಕಂಡದ್ದನ್ನು ಬರೆಯದೆ ಸುಮ್ಮನಿರಲು ಆಗುತ್ತಿಲ್ಲ. ಹಾಸಿಗೆ ಹಿಡಿದಿರುವ ವೃದ್ಧರೊಬ್ಬರ ಗಾಯಕ್ಕೆ ಪಟ್ಟಿ ಬದಲಿಸಲು ನಮ್ಮ ಬೀದಿಗೆ ಬರುವ ನರ್ಸ್, ಎದುರು ಮನೆಯ ಕಾಂಪೌಂಡಿನ ಪಕ್ಕ, ಗೇಟಿನಿಂದ ಎರಡು ಮಾರು ದೂರದಲ್ಲಿ ಸ್ಕೂಟರ್ ನಿಲ್ಲಿಸಿ ಒಳಗೆ ಹೋಗಿದ್ದರು. ಅರ್ಧ ಗಂಟೆಯ ನಂತರ ಹೊರಬಂದು ನೋಡಿದರೆ ಎರಡೂ ಚಕ್ರಗಳಲ್ಲಿ ಗಾಳಿ ಇರಲಿಲ್ಲ. ವಾಲ್ವಿನ ಪುಟ್ಟ ಕಪ್ಪು ಮುಚ್ಚಳಗಳನ್ನು ಬಿಚ್ಚಿ ಸೀಟಿನ ಮೇಲೆ ಜೋಡಿಸಿಡಲಾಗಿತ್ತು. “ನಮ್ಮ ಮನೆ ಮುಂದೆ ಯಾರನ್ನು ಕೇಳಿ ನಿಲ್ಲಿಸಿದಿರಿ?” ಎಂದು ಮನೆಯೊಡೆಯರು ಗೇಟಿನ ಒಳಗಿನಿಂದಲೇ ಗದರಿದರು.

ಯಾರನ್ನು ಕೇಳಬೇಕಿತ್ತು? ಅದು ರಸ್ತೆ. ವಸತಿ ಬೀದಿಯ ಪಾರ್ಕಿಂಗ್ ನಿಯಮ ಸಾಮಾನ್ಯವಾಗಿ ಮನೆಯವರಿಗೆ ಕೊಡುವ ರಕ್ಷಣೆ ಗೇಟಿನ ಬಾಯಿಗೆ ಮಾತ್ರ. ವಾಹನ ಒಳಗೆ ಹೋಗಿ ಹೊರಗೆ ಬರುವ ದಾರಿಗೆ ಯಾರೂ ಅಡ್ಡ ನಿಲ್ಲಿಸಬಾರದು ಎಂಬಷ್ಟಕ್ಕೆ. ಗೇಟಿನ ಅಗಲಕ್ಕೆ ಸಿಕ್ಕ ಈ ರಕ್ಷಣೆಯನ್ನು ಕಾಂಪೌಂಡಿನ ಉದ್ದಕ್ಕೂ ಎಳೆದುಕೊಂಡವರು ನಾವು. ಮನೆಯವರೇ ಬರೆಸಿ ತೂಗುಹಾಕಿದ ‘ನೋ ಪಾರ್ಕಿಂಗ್’ ಫಲಕಕ್ಕೆ ಕಾನೂನಿನ ಬಲವಿಲ್ಲ. ಕೆಂಪು ಅಂಚಿನ ನೀಲಿ ವೃತ್ತದಲ್ಲಿ ಒಂದು ಓರೆಗೆರೆ ಇದ್ದರೆ ಪಾರ್ಕಿಂಗ್ ನಿಷೇಧ, ಎರಡು ಗೆರೆಗಳು ಅಡ್ಡ ಹಾಯ್ದಿದ್ದರೆ ಕ್ಷಣಕಾಲ ನಿಲ್ಲಿಸುವುದೂ ನಿಷೇಧ. ಅದನ್ನೂ ಸಂಬಂಧಪಟ್ಟ ಪ್ರಾಧಿಕಾರವೇ ನೆಡಬೇಕು.

ನಿವಾಸಿಗಳಿಗೆ ಪರವಾನಗಿ ಕೊಡುವ ಊರುಗಳಲ್ಲಿಯೂ ಕತೆ ಬೇರೆಯಲ್ಲ. ಅಮೆರಿಕದ ವರ್ಜೀನಿಯಾದ ಆರ್ಲಿಂಗ್ಟನ್ ಕೌಂಟಿಯಲ್ಲಿ, ಕಚೇರಿಗೆ ಹೋಗುವ ಹೊರಗಿನವರು ವಸತಿ ಬೀದಿಗಳಲ್ಲಿ ದಿನವಿಡೀ ಕಾರು ಬಿಡುವುದನ್ನು ತಡೆಯಲು ಇಂಥ ನಿಯಮ ತಂದಾಗ, ಅದನ್ನು ಪ್ರಶ್ನಿಸಿದ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹೋಗಿ, 1977ರಲ್ಲಿ ನ್ಯಾಯಾಲಯ ನಿಯಮವನ್ನು ಎತ್ತಿಹಿಡಿಯಿತು. ಆದರೆ ಆ ನಿಯಮದಲ್ಲಿ ಪರವಾನಗಿ ಇದ್ದದ್ದು ಬಡಾವಣೆಗೆ. ಯಾರ ಮನೆಯ ಮುಂದಿನ ತುಂಡು ರಸ್ತೆಗೂ ಅಲ್ಲ. ನಿವಾಸಿಗಳ ಮನೆಗೆ ಕೆಲಸದ ಮೇಲೆ ಬರುವವರಿಗೂ ಅಲ್ಲಿ ಪರವಾನಗಿ ಸಿಗುತ್ತಿತ್ತು. ನರ್ಸ್‌ನಂಥವರನ್ನು ಆ ನಿಯಮ ಮರೆತಿರಲಿಲ್ಲ.

“ತೆರಿಗೆ ಕಟ್ಟುತ್ತೇವೆ, ನಮ್ಮ ಕಾರನ್ನು ಇನ್ನೆಲ್ಲಿ ನಿಲ್ಲಿಸೋಣ?” ಎಂದು ಕೆಲವರು ಕೇಳುತ್ತಾರೆ. ಸ್ಕೂಟರಿನವರೂ ತೆರಿಗೆ ಕಟ್ಟುತ್ತಾರೆ. ಎಲ್ಲಿ ನಿಲ್ಲಿಸೋಣ ಎಂಬ ಪ್ರಶ್ನೆ ಕಾರು ಕೊಳ್ಳುವ ಮೊದಲೇ ಹುಟ್ಟಬೇಕಿತ್ತು. ಜಪಾನಿನಲ್ಲಿ 1962ರ ಕಾನೂನಿನ ಪ್ರಕಾರ, ಮನೆಯಿಂದ 2 ಕಿಲೋಮೀಟರ್ ಒಳಗೆ ರಸ್ತೆಯಲ್ಲದ ಜಾಗವೊಂದು ತನಗಿದೆ ಎಂದು ಪೊಲೀಸರಿಂದ ಪ್ರಮಾಣಪತ್ರ ಪಡೆಯದೆ ಸಾಮಾನ್ಯ ಕಾರಿನ ನೋಂದಣಿಯೇ ಆಗುವುದಿಲ್ಲ. ರಾತ್ರಿ ವೇಳೆ ರಸ್ತೆಯ ಒಂದೇ ಕಡೆ 8 ಗಂಟೆಗಿಂತ ಹೆಚ್ಚು ಹೊತ್ತು ಕಾರು ಬಿಡುವಂತಿಲ್ಲ. ಆ ಲೆಕ್ಕ ಹಿಡಿದರೆ ನಮ್ಮ ಬೀದಿಯ ಎಷ್ಟು ಕಾರುಗಳು ಉಳಿದಾವು?

ನನ್ನನ್ನು ಹತ್ತಿರದಿಂದ ಬಲ್ಲವರಿಗೆ ನೆನಪಿರಬಹುದು, ಅಪ್ಪನನ್ನು ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದ ಕಾಲದಲ್ಲಿ ನಾನೂ ಎರಡು ಹೂಕುಂಡಗಳನ್ನು ರಸ್ತೆಗಿಳಿಸಿ ಜಾಗ ಹಿಡಿದಿದ್ದೆ. ಅಗತ್ಯವೇನೋ ನಿಜವೇ ಆಗಿತ್ತು. ಅಂಥ ಅಗತ್ಯಕ್ಕೆ ಜಾಗ ಗುರುತಿಸಿಕೊಡಿ ಎಂದು ಅರ್ಜಿ ಸಲ್ಲಿಸುವ ದಾರಿ ಎಷ್ಟೋ ನಗರಗಳಲ್ಲಿದೆ. ನನ್ನ ಊರಿನಲ್ಲಿ ಇದೆಯೇ ಎಂದು ನಾನು ವಿಚಾರಿಸಲೂ ಇಲ್ಲ. ಅಪ್ಪ ತೀರಿಕೊಂಡ ಮೇಲೂ ಆ ಕುಂಡಗಳು ಏಳೆಂಟು ತಿಂಗಳು ಅಲ್ಲೇ ಇದ್ದವು. ಅದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಸ್ಕೂಟರನ್ನು ಪಂಕ್ಚರ್ ಅಂಗಡಿಯವರೆಗೆ ಇಬ್ಬರೂ ಸೇರಿ ತಳ್ಳಿದೆವು. ಆ ಗಾಯಕ್ಕೆ ದಿನವೂ ಪಟ್ಟಿ ಬದಲಿಸಬೇಕಂತೆ, ನಾಳೆಯೂ ಅವರು ಬರಲೇಬೇಕು. “ನಮ್ಮ ಮನೆ ಮುಂದೆ ನಿಲ್ಲಿಸಿಕೊಳ್ಳಿ ತಾಯಿ, ನಾನು ಅನುಮತಿ…” ಎಂದು ಹೇಳಹೊರಟವನು ಅಲ್ಲಿಗೇ ತಡೆದೆ. ಆ ಜಾಗಕ್ಕೆ ಅನುಮತಿ ಕೊಡಲು ನಾನಾದರೂ ಯಾರು?