ಬಾಣಂತಿಯನ್ನು ಬೈದರೆ ಕೂಸಿನ ತೂಕ ಏರುತ್ತಾ?

ನಿಪ್ಪಾಣಿ, ಚಿಕ್ಕೋಡಿ ಕಡೆಯವರಿಗೆ ಮಿಶ್ರಿ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ತಂಬಾಕನ್ನು ತವೆ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ, ಚಿಕ್ಕ ಡಬ್ಬಿಯಲ್ಲಿ ತುಂಬಿಡುತ್ತಾರೆ. ಹುರಿಯುವಾಗ ಮನೆಮಂದಿಯೆಲ್ಲ ಕೆಮ್ಮಬೇಕು. ಬೆಳಿಗ್ಗೆ ಎದ್ದ ಕೂಡಲೇ ಬೆರಳಿಗೆ ಹಚ್ಚಿಕೊಂಡು, ವಸಡು ತಿಕ್ಕುತ್ತಾ ಕಟ್ಟೆ ಮೇಲೆ ಕೂತರೆ ಬೇಗ ಏಳುವುದಿಲ್ಲ. ಊಟ ಆದ ಮೇಲೆ ಮತ್ತೆ ಬೇಕು. ಎಷ್ಟೋ ಜನರಿಗೆ ಅದು ಚಟ ಅಂತಲೇ ಅನಿಸುವುದಿಲ್ಲ, ಬರೀ ಹಲ್ಲುಪುಡಿ.

ಆದರೆ ಬಸುರಿ ತಿಕ್ಕಿದಾಗ ನಿಕೋಟಿನ್ ವಸಡಿನಿಂದಲೇ ರಕ್ತಕ್ಕೆ ಸೇರುತ್ತದೆ. ರಕ್ತನಾಳ ಬಿಗಿಯಾಗಿ, ಕೂಸಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಕೂಸು ದಿನ ತುಂಬುವ ಮೊದಲೇ ಹುಟ್ಟಬಹುದು, ತೂಕ ಎರಡೂವರೆ ಕಿಲೋ ಮುಟ್ಟದೇ ಇರಬಹುದು, ಹೊಟ್ಟೆಯಲ್ಲೇ ತೀರಿಕೊಳ್ಳುವ ಅಪಾಯವೂ ಜಾಸ್ತಿ.

ನನಗೆ ಸಂಕಟ ಆಗೋದು ಆಮೇಲೆ ನಡೆಯೋದನ್ನು ನೋಡಿ. ತೂಕ ಕಡಿಮೆ ಬಂತು ಅಂದರೆ ಎಲ್ಲರ ಕಣ್ಣೂ ಬಾಣಂತಿಯ ಮೇಲೆ. "ಮಿಶ್ರಿ ಬಿಡು ಅಂದ್ರ ಕೇಳಲಿಲ್ಲ, ಈಗ ಅನುಭೋಗಿಸು." ಅವಳಿಗೆ ಮಿಶ್ರಿ ಕಲಿಸಿದವರು ಯಾರು? ಚಿಕ್ಕವಳಿದ್ದಾಗ ಹಲ್ಲುನೋವು ಅಂದರೆ ಅವ್ವನೇ ಡಬ್ಬಿ ಕೊಟ್ಟಿರುತ್ತಾಳೆ. ಬಸುರಿದ್ದಾಗ ವಾಕರಿಕೆ, ಹೊಟ್ಟೆ ಸಾಫ್ ಆಗಲ್ಲ ಅಂದರೆ "ಒಂಚೂರು ತಿಕ್ಕು, ಆರಾಮ ಆಗ್ತದ" ಅನ್ನೋದು ಮನೆಯವರೇ. ಬೀಡಿ ಕಟ್ಟುವ ಮನೆಯಲ್ಲಂತೂ ತಂಬಾಕು ದಿನವಿಡೀ ಮಡಿಲಿನ ಮೊರದಲ್ಲೇ ಇರುತ್ತದೆ. ಹೀಗಿದ್ದು ತಪ್ಪೆಲ್ಲ ಅವಳೊಬ್ಬಳದೇ ಅಂದರೆ ನಾನು ಒಪ್ಪುವುದಿಲ್ಲ.

ಬೈಸಿಕೊಂಡವಳು ಮುಂದಿನ ಬಸುರಿನಲ್ಲಿ ನರ್ಸ್ ಕೇಳಿದರೆ "ಏನೂ ಚಟ ಇಲ್ರಿ" ಅನ್ನುತ್ತಾಳೆ. ತಾಯಿ ಕಾರ್ಡಿನಲ್ಲೂ ಅದೇ ಸೇರುತ್ತದೆ. ಅಲ್ಲಿಗೆ ಸಹಾಯದ ದಾರಿ ಮುಚ್ಚಿತು.

ಅಫೀಮಿನ ಜಾತಿಯ ನೋವಿನ ಮಾತ್ರೆಗಳ ವಿಷಯದಲ್ಲಿ ಹೀಗೆ ಮುಚ್ಚಿಡೋದು ಇನ್ನೂ ಅಪಾಯ. ಅಂಥ ತಾಯಿಯ ಕೂಸು ಹುಟ್ಟಿದ ಎರಡು ಮೂರು ದಿನದಲ್ಲಿ ನಡುಗಬಹುದು, ಕಿರುಚಿ ಅಳಬಹುದು, ಮೊಲೆ ಹಿಡಿಯದೇ ಇರಬಹುದು. ಇದಕ್ಕೆ ಚಿಕಿತ್ಸೆ ಇದೆ. ಸದ್ದಿಲ್ಲದ, ಬೆಳಕು ಕಡಿಮೆ ಇರುವ ಕೋಣೆಯಲ್ಲಿ ಕೂಸನ್ನು ತಾಯಿಯ ಹತ್ತಿರವೇ ಇಡೋದು ಅದರ ದೊಡ್ಡ ಭಾಗ. ಬಸುರಿ ಆ ಮಾತ್ರೆಗಳನ್ನು ತಾನಾಗೇ ಒಮ್ಮೆಲೇ ನಿಲ್ಲಿಸಲೂಬಾರದು, ಡಾಕ್ಟರನ್ನು ಕೇಳಬೇಕು. ಹೆದರಿದವಳು ಕೇಳುತ್ತಾಳಾ?

ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಆಗ ಅತ್ತೆ, ಗಂಡನೂ ಜೊತೆಗೆ ಕೂರಲಿ. ಮನೆತುಂಬ ಡಬ್ಬಿ ಇಟ್ಟುಕೊಂಡು ಅವಳೊಬ್ಬಳಿಗೆ ಬಿಡು ಅಂದರೆ ಹೇಗೆ ಬಿಡುತ್ತಾಳೆ? ತೂಕ ಕಡಿಮೆ ಇರುವ ಕೂಸನ್ನು ದಿನಕ್ಕೆ ಎಷ್ಟೋ ತಾಸು ಬರಿ ಎದೆಗೆ ಅಪ್ಪಿಕೊಂಡಿರಬೇಕು. ರೊಟ್ಟಿ ಬಡಿಯೋದು, ನೀರು ತರೋದು ಅವಳ ಮೇಲೆ ಬಿದ್ದರೆ ಇದು ಆಗದ ಮಾತು. ಅವಳು ದಣಿದಾಗ ಅತ್ತೆಯೂ ಅಪ್ಪಿಕೊಳ್ಳಬಹುದು, ಗಂಡನೂ ಅಪ್ಪಿಕೊಳ್ಳಬಹುದು. ಎದೆಹಾಲನ್ನಂತೂ ನಿಲ್ಲಿಸಬೇಡಿ, ಮಿಶ್ರಿ ನಿಲ್ಲಿಸಿ.

ತಂಬಾಕು ಬಿಡಲು ಸಹಾಯ ಮಾಡುವ ಸರಕಾರದ ಉಚಿತ ನಂಬರ್ 1800-11-2356. ಆಶಾ ಅಕ್ಕಂದಿರೇ, ಇದನ್ನು ಅತ್ತೆಗೂ ಗಂಡನಿಗೂ ಬರೆದುಕೊಡಿ.