18 ದಾಟಿದ್ರೆ ಕೆಲಸ ಕಲಿಯೋಕಾಗಲ್ವಾ? ಸತ್ಯಾಂಶ

ನಮ್ಮ ಕೊಡಗಿನ ಗ್ರೂಪುಗಳಲ್ಲೂ ಆಗಾಗ ಸುತ್ತೋ ಮೆಸೇಜ್ ಒಂದಿದೆ, ಬೌದ್ಧಿಕ ಅಂಗವೈಕಲ್ಯ ಇರೋರಿಗೆ 18 ದಾಟಿದ್ಮೇಲೆ ಹೊಸ ಕೆಲಸ ತಲೆಗೆ ಹತ್ತಲ್ಲ, ಮನೇಲೇ ಇಟ್ಕೊಳ್ಳಿ ಅಂತ. ಕಳಿಸೋರು ಬಹುಪಾಲು ಕಾಳಜಿಯಿಂದಾನೇ ಕಳಿಸ್ತಾರೆ, ಆದ್ರೆ ವಿಷಯ ತಪ್ಪು.

1970ರ ದಶಕದಲ್ಲೇ ಅಮೆರಿಕದಲ್ಲಿ ಇಂಥ ವಯಸ್ಕರಿಗೆ ಸೈಕಲ್ ಬ್ರೇಕಿನ ಬಿಡಿಭಾಗ ಜೋಡಿಸೋದನ್ನ ಕಲಿಸಿ ತೋರಿಸಿದ್ರು. ಮುಖ್ಯ ಆಗೋದು ಕಲಿಸೋ ರೀತಿ. ಕಾಫಿ ಕುಯ್ಯೋದನ್ನೇ ತಗೊಳ್ಳಿ, "ಹೋಗಿ ಹಣ್ಣು ಕುಯ್ಯಿ" ಅಂದ್ರೆ ಸಾಲಲ್ಲ, ಚೀಲ ಸೊಂಟಕ್ಕೆ ಕಟ್ಟೋದು, ರೆಂಬೆ ಬಗ್ಗಿಸೋದು, ಕೆಂಪು ಮಾತ್ರ ಕೀಳೋದು, ಹಸಿರು ಬಿಡೋದು, ಹೀಗೆ ಒಂದೊಂದೇ ಹೆಜ್ಜೆ ಬಿಡಿಸಿ, ಮಾದರಿಗೆ ಒಂದು ಕೆಂಪು ಹಣ್ಣು ಕೈಗೆ ಕೊಟ್ಟು, ಮೊದ್ಲು ಕೈ ಹಿಡಿದು ಮಾಡಿಸಿ, ಆಮೇಲೆ ಬರೀ ಬೆರಳು ತೋರಿಸಿ, ಕೊನೆಗೆ ನಾವು ಪಕ್ಕಕ್ಕೆ ಸರೀಬೇಕು. ಮನೆಯವರಿಗೆ ಕಷ್ಟ ಆಗೋದು ಈ ಸರಿಯೋದೇ. ಎಲ್ರೂ ಒಂದೇ ಸ್ಪೀಡಲ್ಲಿ ಕಲೀತಾರೆ ಅಂತಲ್ಲ, ಕೆಲವರಿಗೆ ಸಪೋರ್ಟ್ ಯಾವಾಗ್ಲೂ ಬೇಕು, ಅದು ತಪ್ಪೇನಲ್ಲ.

ಇಂಥ ಮೆಸೇಜ್ ಬಂದಾಗ ಮೊದ್ಲು ನೋಡಿ, ಹೇಳಿದ್ದು ಯಾರು, ಯಾವ ವರ್ಷ, ಮೂಲ ಎಲ್ಲಿ? "ಡಾಕ್ಟರ್ ಹೇಳಿದ್ದಾರೆ" ಅಂತಷ್ಟೇ ಇದ್ರೆ ಅನುಮಾನ ಪಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆನ್‌ಲೈನಲ್ಲಿ ಫ್ರೀಯಾಗಿ ಸಿಗುತ್ತೆ, ಓದಿ: ವೃತ್ತಿ ತರಬೇತಿ ಬಗ್ಗೆ ಅದ್ರಲ್ಲೇ ಇದೆ, ಸರ್ಕಾರಿ ಹುದ್ದೆಗಳ ಶೇ. 4 ಮೀಸಲಾತೀಲಿ ಬೌದ್ಧಿಕ ಅಂಗವೈಕಲ್ಯ ಇರೋರೂ ಸೇರ್ತಾರೆ. 18ಕ್ಕೆ ಕಲಿಕೆ ನಿಲ್ಲೋದಾಗಿದ್ರೆ ಈ ಮೀಸಲಾತಿ ಯಾಕೆ ಇರ್ತಿತ್ತು?