ಕವರ್ ತೆಗೆಯಬೇಡಿ, ವಿಜ್ಞಾನ ನಡೆಯುತ್ತಿದೆ

ಆ ಫೋಟೊ ನೀವೂ ನೋಡಿರುತ್ತೀರಿ. ಕಾಲೇಜಿಗೆ ಕಾನ್ಫೋಕಲ್ ಮೈಕ್ರೋಸ್ಕೋಪ್ (ಲೇಸರ್ ಬೆಳಕಲ್ಲಿ ಜೀವಕೋಶವನ್ನು ಪದರ ಪದರವಾಗಿ ತೋರಿಸುವ ಯಂತ್ರ) ಬಂತು, ಡಿಗ್ರಿ ಮಕ್ಕಳ ಸಂಶೋಧನೆಗೆ ಇನ್ನು ಸುಗ್ಗಿ ಎಂಬ ಸುದ್ದಿಯ ಜೊತೆಗಿದ್ದದ್ದು. ಹದಿನಾಲ್ಕು ಜನ ಸಾಲಾಗಿ ನಿಂತಿದ್ದಾರೆ. ಮೈಕ್ರೋಸ್ಕೋಪನ್ನು ಮಾತ್ರ ಹುಡುಕಬೇಕು. ಎಡದಿಂದ ನಾಲ್ಕನೆಯವರ ಮೊಣಕೈ ಹಿಂದೆ ಒಂದು ಬಿಳಿ ಮೂಲೆ ಇಣುಕುತ್ತಿದೆಯಲ್ಲ, ಅದೇ. ಇನ್ನೊಂದು ಫೋಟೊದಲ್ಲಿ ಮುಖ್ಯ ಅತಿಥಿಗಳು ಬಗ್ಗಿ ನೋಡುತ್ತಿದ್ದಾರೆ. ಕಣ್ಣಿಟ್ಟು ನೋಡಲು ಎರಡು ಐಪೀಸ್ ಇದ್ದರೂ ಒಂದು ಕಣ್ಣು ಮುಚ್ಚಿದ್ದಾರೆ. "ಅದ್ಭುತ" ಎಂದರಂತೆ. ಕಾನ್ಫೋಕಲ್ ಚಿತ್ರ ಮೂಡುವುದು ಪಕ್ಕದ ಕಂಪ್ಯೂಟರಿನ ಪರದೆ ಮೇಲೆ. ಪರದೆ ಕಪ್ಪಗಿತ್ತು. ಇರಲಿ ಬಿಡಿ, ಗಣ್ಯರಿಗೆ ಕಾಣಲು ಕರೆಂಟೇ ಬೇಕು ಅಂತೇನಿಲ್ಲ.

ಯಂತ್ರವೇನೋ ನಿಜಕ್ಕೂ ಚಂದದ್ದು. ಅಮೆರಿಕದ ವಿಜ್ಞಾನಿ ಮಾರ್ವಿನ್ ಮಿನ್ಸ್ಕಿ 1957ರಲ್ಲಿ ಇದಕ್ಕೆ ಪೇಟೆಂಟ್ ಕೇಳಿದ. ಸ್ಯಾಂಪಲ್ಲಿನ ಒಂದೊಂದೇ ಚುಕ್ಕೆಗೆ ಬೆಳಕು ಬಿಡುವುದು, ಫೋಕಸ್ಸಿಗೆ ಬಾರದ ಬೆಳಕನ್ನೆಲ್ಲ ಒಂದು ಸಣ್ಣ ತೂತಿನಿಂದ ಸೋಸಿ ಆಚೆಗೇ ನಿಲ್ಲಿಸುವುದು, ಇಷ್ಟೇ ಉಪಾಯ. ಉದ್ಘಾಟನೆಯ ಭಾಷಣಗಳಿಗೂ ಇಂಥದ್ದೊಂದು ತೂತು ಇದ್ದಿದ್ದರೆ ಎಲ್ಲರೂ ಹತ್ತು ನಿಮಿಷದಲ್ಲಿ ಮನೆಗೆ ಹೋಗಬಹುದಿತ್ತು.

ಲೇವನ್‌ಹುಕ್ ನೆನಪಾಗುತ್ತಾನೆ. ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ, ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಬೆರಳ ತುದಿಯಲ್ಲಿ ಕೂರುವಂಥ ಲೆನ್ಸು ತಾನೇ ಮಾಡಿಕೊಂಡು, ನೀರಲ್ಲಿ ಪುಟ್ಟ ಪುಟ್ಟ ಜೀವಿಗಳು ಓಡಾಡುತ್ತಿವೆ ಅಂತ 1676ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದ. ಮೊದಲು ಯಾರೂ ನಂಬಲಿಲ್ಲ. ಕೊನೆಗೆ ಸೊಸೈಟಿಯ ವಿಜ್ಞಾನಿ ರಾಬರ್ಟ್ ಹುಕ್ ತಾನೇ ನೋಡಿ ಹೌದು ಎಂದ. ಆಮೇಲೆ ನಮ್ಮ ವ್ಯಾಪಾರಿ ತನ್ನ ಹಲ್ಲಿನ ಪಾಚಿ ಕೆರೆದು ಅದನ್ನೂ ನೋಡಿದ. ಅವನಿಗೊಂದು ಖರೀದಿ ಸಮಿತಿ ಇದ್ದಿದ್ದರೆ? ಮೂರು ಕೊಟೇಶನ್ ತನ್ನಿ ಅನ್ನುತ್ತಿದ್ದರು. ಅಷ್ಟು ಚೆನ್ನಾಗಿ ಲೆನ್ಸು ಮಾಡುತ್ತಿದ್ದವನು ಅವನೇ, ಹಾಗಾಗಿ ಮೂರನ್ನೂ ಅವನೇ ಬೇರೆ ಬೇರೆ ಕೈಬರಹದಲ್ಲಿ ಬರೆಯಬೇಕಿತ್ತು. ಹಲ್ಲು ಕೆರೆಯುವ ಕಡ್ಡಿ ಯಾವ ಲೆಕ್ಕಕ್ಕೆ ಹಾಕಿದ್ದು ಅಂತ ಆಡಿಟ್‌ನವರು ಕೇಳುತ್ತಿದ್ದರು. ಬ್ಯಾಕ್ಟೀರಿಯಾ ಇವತ್ತಿಗೂ ನಮಗೆ ಗೊತ್ತಿರುತ್ತಿರಲಿಲ್ಲ, ಅಲ್ವಾ?

ನನ್ನ ಗೆಳೆಯನೊಬ್ಬ ಇಂಥದ್ದೇ ಒಂದು ಯಂತ್ರವಿರುವ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ. ಅದು ಬಂದಾಗ ಕೋಣೆ ಸಿದ್ಧವಿರಲಿಲ್ಲ. ಹನ್ನೊಂದು ತಿಂಗಳು ಪೆಟ್ಟಿಗೆಯಲ್ಲೇ ಮಲಗಿತ್ತು. ಅದರ ವಾರಂಟಿ ಶುರುವಾಗಿದ್ದು ಪೆಟ್ಟಿಗೆ ಬಿಚ್ಚಿದ ದಿನದಿಂದಲ್ಲ, ಕಳಿಸಿದ ದಿನದಿಂದ. ಎರಡು ದಿನ ತರಬೇತಿ ಪಡೆದವರು ಬೇರೆ ಕಡೆ ಕೆಲಸ ಸಿಕ್ಕಿ ಹೊರಟುಹೋದರು. ಅನುದಾನದಲ್ಲಿ ಯಂತ್ರಕ್ಕೆ ದುಡ್ಡಿತ್ತು, ನಡೆಸುವವರ ಸಂಬಳಕ್ಕೆ ಇರಲಿಲ್ಲ. ಕೊನೆಗೆ ಕೀಲಿ ಮುಖ್ಯಸ್ಥರ ಡ್ರಾಯರ್ ಸೇರಿತು. ಬಾಗಿಲಿಗೆ ಬೋರ್ಡು ಬಿತ್ತು: ವಿದ್ಯಾರ್ಥಿಗಳಿಗೆ ಪ್ರವೇಶವಿಲ್ಲ. ಯಾರ ಹೆಸರಲ್ಲಿ ಅರ್ಜಿ ಹಾಕಿದ್ದರೋ ಅವರಿಗೇ!

ಕರೆಂಟು ಉಳಿಸಲು ರಾತ್ರಿ ಏಸಿ ಆಫ್ ಮಾಡುತ್ತಿದ್ದರು. ಗಾಳಿಯ ತೇವಕ್ಕೆ ಲೆನ್ಸಿನ ಮೇಲೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿತು. ಆ ಯಂತ್ರದಿಂದ ಪ್ರಯೋಜನ ಪಡೆದ ಮೊದಲ ಜೀವಿ ಅದು.

ಬೆಳಕಿನ ಮೈಕ್ರೋಸ್ಕೋಪಿಗೂ ಒಂದು ಮಿತಿ ಇದೆ. ಸುಮಾರು 200 ನ್ಯಾನೋಮೀಟರಿಗಿಂತ (ಮಿಲಿಮೀಟರಿನ ಐದು ಸಾವಿರದಲ್ಲೊಂದು ಭಾಗ) ಹತ್ತಿರವಿರುವ ಎರಡು ಚುಕ್ಕೆ ಒಂದೇ ಆಗಿ ಕಾಣುತ್ತವೆ. ಜರ್ಮನಿಯ ಭೌತವಿಜ್ಞಾನಿ ಎರ್ನ್‌ಸ್ಟ್ ಆಬೆ 1873ರಲ್ಲೇ ಈ ಮಿತಿಯ ಲೆಕ್ಕ ಕೊಟ್ಟಿದ್ದ. ಅದನ್ನು ದಾಟಿದ್ದಕ್ಕೆ 2014ರಲ್ಲಿ ಮೂವರಿಗೆ ನೊಬೆಲ್ ಬಂತು. ಅವರಲ್ಲೊಬ್ಬರು, ಎರಿಕ್ ಬೆಟ್ಜಿಗ್, ತಮ್ಮ ಮೈಕ್ರೋಸ್ಕೋಪ್ ಕಟ್ಟಲು ಶುರು ಮಾಡಿದ್ದು ಗೆಳೆಯನ ಮನೆಯ ಪಡಸಾಲೆಯಲ್ಲಿ. ನನ್ನ ಗೆಳೆಯನ ಕಾಲೇಜಿನ ಮಿತಿ ಬೇರೆ ತರಹದ್ದು. ಬಾಗಿಲ ಗಾಜಿಗೂ ಯಂತ್ರಕ್ಕೂ ಎಂಟು ಅಡಿ. ಅದನ್ನು ಇನ್ನೂ ಯಾರೂ ದಾಟಿಲ್ಲ.

ಕೆಳಗಿನ ಮಹಡಿಯ ಲ್ಯಾಬಲ್ಲಿ ಐದು ಜನಕ್ಕೆ ಒಂದು ಹಳೇ ಮೈಕ್ರೋಸ್ಕೋಪ್. ನಾನೂ ಅಂಥ ಲ್ಯಾಬಲ್ಲೇ ಕಲಿತವನು. ಈರುಳ್ಳಿ ಪೊರೆ ಇಟ್ಟು, ಮೇಲೆ ಮುಚ್ಚುವ ತೆಳು ಗಾಜಿನ ಕವರ್‌ಸ್ಲಿಪ್ ಅಡಿ ಸಿಕ್ಕಿಕೊಂಡ ಗಾಳಿಗುಳ್ಳೆಯನ್ನು ನೋಡಿ, ಕಪ್ಪು ಅಂಚಿನ ದುಂಡನೆ ಜೀವಕೋಶ ಬರೆದೆ. ಪಕ್ಕದಲ್ಲಿ ನ್ಯೂಕ್ಲಿಯಸ್ ಅಂತ ಬಾಣ ಹಾಕಿದೆ. ಹತ್ತಕ್ಕೆ ಎಂಟು ಬಂತು. ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕ ನೋಡಿ ಬರೆದವನಿಗೆ ಒಂಬತ್ತು.

ನಗು ಸಾಕು. ಮೂರು ವರ್ಷ ಜೀವಶಾಸ್ತ್ರ ಓದಿ, ತನ್ನದೇ ಕೆನ್ನೆಯ ಒಂದು ಜೀವಕೋಶ ಸರಿಯಾಗಿ ನೋಡದೆ ಹುಡುಗರು ಡಿಗ್ರಿ ತಗೊಂಡು ಹೋಗುತ್ತಿದ್ದಾರೆ. ಅವರು ಸ್ಲೈಡು ಒಡೆಯಬೇಕು. ಎಣ್ಣೆ ಹಾಕಬಾರದ ಲೆನ್ಸಿಗೆ ಎಣ್ಣೆ ಮೆತ್ತಿ ಬೈಸಿಕೊಳ್ಳಬೇಕು. ಜಾಸ್ತಿ ಹೊತ್ತು ಲೇಸರ್ ಬಿಟ್ಟು ಸ್ಯಾಂಪಲ್ಲಿನ ಬಣ್ಣ ಕಣ್ಣೆದುರೇ ಮಾಸುವುದನ್ನು ನೋಡಬೇಕು. ಕಲಿಯುವುದು ಹೀಗೇ ತಾನೆ? ಮುಟ್ಟಿದರೆ ಹಾಳಾಗುತ್ತೆ ಅಂತ ಬೀಗ ಹಾಕಿದಿರಿ. ಯಾರೂ ಮುಟ್ಟಲಿಲ್ಲ. ಹಾಳಾಯಿತು.

ಕಳೆದ ತಿಂಗಳು ತಪಾಸಣೆ ತಂಡ ಬರುತ್ತದೆ ಅಂತ ಬೀಗ ತೆಗೆದರಂತೆ. ಇಸ್ತ್ರಿ ಮಾಡಿದ ಬಿಳಿ ಕೋಟು ಹಾಕಿಸಿ ನಾಲ್ಕು ಮಕ್ಕಳನ್ನು ಯಂತ್ರದ ಮುಂದೆ ಕೂರಿಸಿದರು. ಒಬ್ಬ ಹುಡುಗಿ ಸುಮ್ನೆ ಕೂರಲಾರದೆ ಫೋಕಸ್ ತಿರುಗಣಿಗೆ ಕೈ ಹಾಕಿದಳು.

"ಏಯ್, ತಿರುಗಿಸಬೇಡಮ್ಮ," ಎಂದರು ಮುಖ್ಯಸ್ಥರು. "ನೋಡ್ತಾ ಇರೋ ಹಾಗೆ ಇರು, ಸಾಕು."